ರಾಸ್ಪ್‌ಬೆರಿ ಪೈ 4ರಲ್ಲಿ ಲಿಬ್‌ಜೆಎಕ್ಸ್‌ಎಲ್ ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ ಅರ್ಧಕ್ಕೇ 'ಕಿಲ್ಡ್' ಅಂತ ನಿಲ್ಲುತ್ತಿದೆ

ಜಗತಿ (ಹಾಸನ) ಕೇಳಿದ್ದು:

ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿ ಗುಡಿಗಳ ಶಿಲ್ಪ ಮತ್ತು ಶಾಸನಗಳ ಫೋಟೊಗಳು ಒಂದು ಡಿಸ್ಕ್ ತುಂಬಾ ಇವೆ. ಸುಮಾರು 9,000 ಜೆಪೆಗ್, ಒಟ್ಟು 70 ಜಿಬಿ. ಹೆಚ್ಚಿನವು 24 ಮೆಗಾಪಿಕ್ಸೆಲ್ ಕ್ಯಾಮೆರಾದವು, ಮೊಬೈಲ್‌ನವು ಸ್ವಲ್ಪ. ಶಾಸನದ ಅಚ್ಚುಗಳ 600 ಡಿಪಿಐ ಟಿಫ್ ಸ್ಕ್ಯಾನ್‌ಗಳು ಬೇರೆ. ಮೂಲ ಫೈಲಿನ ಒಂದೇ ಒಂದು ಬಿಟ್ ಕೂಡ ಹಾಳಾಗದ ಹಾಗೆ ಜಾಗ ಉಳಿಸಬೇಕು. ಅದಕ್ಕೆ ಜೆಪೆಗ್ ಎಕ್ಸ್‌ಎಲ್ ಅನ್ನೋ ಹೊಸ ಚಿತ್ರ ಮಾದರಿ ಹಿಡಿದಿದ್ದೇವೆ, ಅದರ ಲೈಬ್ರರಿಯೇ ಲಿಬ್‌ಜೆಎಕ್ಸ್‌ಎಲ್.

ಡಿಸ್ಕ್ ಸಿಕ್ಕಿಸಿರುವುದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ಗೆ, 2 ಜಿಬಿ ರ‍್ಯಾಮ್ ಮಾದರಿ. ಓಎಸ್ ಬುಕ್‌ವರ್ಮ್, ಡೆಸ್ಕ್‌ಟಾಪ್ ಇದೆ. ಓಎಸ್‌ನ ಪ್ಯಾಕೇಜ್ ಹಾಕುವ ಆಪ್ಟ್‌ನಲ್ಲಿ ಸಿಗುವ ಲಿಬ್‌ಜೆಎಕ್ಸ್‌ಎಲ್ 0.7, ತೀರಾ ಹಳೆಯದು. ಹಾಗಾಗಿ ಗಿಟ್‌ಹಬ್‌ನಿಂದ ಜಿಪ್ ಇಳಿಸಿಕೊಂಡು ಬಿಲ್ಡ್‌ಗೆ ಹಾಕಿದೆ. ಮೊದಲು 'ಹೈವೇ ಲೈಬ್ರರಿ ಸಿಗಲಿಲ್ಲ' ಅಂತ ಸಿಮೇಕ್ ನಿಂತಿತು. ಜೊತೆಗಿದ್ದ ಡೆಪ್ಸ್ ಸ್ಕ್ರಿಪ್ಟ್ ಓಡಿಸಿದ ಮೇಲೆ ಅದು ಹೋಯಿತು. ಈಗ ಮೇಕ್ ಮೈನಸ್ ಜೆ 4 (ನಾಲ್ಕು ಫೈಲ್ ಒಟ್ಟಿಗೆ ಕಂಪೈಲ್) ಕೊಟ್ಟರೆ ಅರ್ಧ ದಾರಿಯಲ್ಲಿ ಪೈ ಕಲ್ಲಾಗಿ ಕೂರುತ್ತೆ, ಮೌಸ್ ಕೂಡ ಅಲ್ಲಾಡಲ್ಲ. ಆಮೇಲೆ 'ಫೇಟಲ್ ಎರರ್: ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್' ಅಂತ ಬಂದು ಬಿಲ್ಡ್ ಸಾಯುತ್ತೆ.

ಕೇಳಬೇಕಾದ್ದು ಇಷ್ಟು. ಈ ಪೈನಲ್ಲಿ ಇದು ಆಗುವ ಕೆಲಸವಾ? ಆಪ್ಟ್‌ನ 0.7 ತೆಗೆದುಹಾಕಲೇಬೇಕಾ? ಇದೇ ಪ್ರೊಸೆಸರ್‌ಗೆ ತಕ್ಕ ಕೋಡ್ ಮಾಡು ಅಂತ ಕಂಪೈಲರ್‌ಗೆ ಹೇಳುವ ಮಾರ್ಚ್ ನೇಟಿವ್ ಫ್ಲ್ಯಾಗ್ ಕೊಟ್ಟರೆ ವೇಗ ಬರುತ್ತಾ? ಕೆಲವು ಫೋಟೊ ವೆಬ್‌ಸೈಟಿಗೂ ಹಾಕಬೇಕು, ಅದಕ್ಕೂ ಇದೇ ಸಾಕಾ?

ಯಗಚಿ (ಬೇಲೂರು):

ಆಗುತ್ತೆ ಸರ್, ಆದರೆ ಮೈನಸ್ ಜೆ 4 ಬೇಡ. ನಿಮ್ಮ ಕೋಡ್‌ನಲ್ಲಾಗಲಿ ಕಂಪೈಲರ್‌ನಲ್ಲಾಗಲಿ ತಪ್ಪಿಲ್ಲ. ರ‍್ಯಾಮ್ ಮುಗಿದು ಕರ್ನೆಲ್ಲೇ ಕಂಪೈಲರ್‌ನ ಕುತ್ತಿಗೆ ಹಿಸುಕಿದೆ. ಡಿಮೆಸೇಜ್ ಕೊಟ್ಟು ನೋಡಿ, ಕೊನೆಯ ಸಾಲುಗಳಲ್ಲಿ 'ಔಟ್ ಆಫ್ ಮೆಮೊರಿ' ಅಂತ ಇರುತ್ತೆ.

ಲಿಬ್‌ಜೆಎಕ್ಸ್‌ಎಲ್ ಇಷ್ಟು ಮೆಮೊರಿ ತಿನ್ನೋದಕ್ಕೆ ಕಾರಣ ಹೈವೇ. ಅದು ಸಿಮ್ಡ್ ಕೋಡ್ (ಒಂದೇ ಸೂಚನೆಯಲ್ಲಿ ಹಲವು ಸಂಖ್ಯೆಗಳ ಲೆಕ್ಕ ಮಾಡುವಂಥದ್ದು) ಬರೆಯುವ ಲೈಬ್ರರಿ. ಒಂದೇ ಸೋರ್ಸ್ ಫೈಲನ್ನು ಒಂದೊಂದು ಥರದ ಪ್ರೊಸೆಸರ್‌ಗೂ ಒಂದೊಂದು ಸಲ ಕಂಪೈಲ್ ಮಾಡಿಸುತ್ತೆ, ಎಲ್ಲವನ್ನೂ ಒಂದೇ ಆಬ್ಜೆಕ್ಟ್ ಫೈಲ್‌ನಲ್ಲಿ ಇಟ್ಟಿರುತ್ತೆ, ಓಡುವಾಗ ಯಂತ್ರಕ್ಕೆ ತಕ್ಕದ್ದನ್ನು ಆರಿಸಿಕೊಳ್ಳುತ್ತೆ. ಜೊತೆಗೆ ಕೋಡ್ ತುಂಬಾ ಸಿ ಪ್ಲಸ್ ಪ್ಲಸ್ ಟೆಂಪ್ಲೇಟ್‌ಗಳು. ದೊಡ್ಡ ಎನ್‌ಕೋಡರ್ ಫೈಲ್‌ಗಳು ಒಂದೊಂದೇ ನೂರಾರು ಎಂಬಿ ಕೇಳುತ್ತವೆ. ಅಂಥವು ನಾಲ್ಕು ಒಟ್ಟಿಗೆ ಬಿದ್ದು, ಪಕ್ಕದಲ್ಲಿ ಡೆಸ್ಕ್‌ಟಾಪೂ ಇದ್ದರೆ 2 ಜಿಬಿ ಎಲ್ಲಿ ಸಾಲುತ್ತೆ?

ಶುರು ಮಾಡುವ ಮುಂಚೆ ಒಂದು ವಿಷಯ ಖಚಿತ ಮಾಡ್ಕೊಳ್ಳಿ. ಯುನೇಮ್ ಮೈನಸ್ ಎಂ ಕೊಟ್ಟರೆ 'ಎಆರ್ಚ್64' ಅಂತ ಬರಬಹುದು, ಅದನ್ನು ನಂಬಬೇಡಿ. 32 ಬಿಟ್ ಓಎಸ್ ಇದ್ದರೂ ಪೈ 4ರಲ್ಲಿ ಕರ್ನೆಲ್ ಮಾತ್ರ 64 ಬಿಟ್‌ನದ್ದು ಓಡುತ್ತೆ. ಡಿಪಿಕೆಜಿ ಮೈನಸ್ ಮೈನಸ್ ಪ್ರಿಂಟ್ ಆರ್ಕಿಟೆಕ್ಚರ್ ಕೊಡಿ. 'ಆರ್ಮ್64' ಬಂದರೆ ಸರಿ. 'ಆರ್ಮ್‌ಹೆಚ್‌ಎಫ್' ಬಂದರೆ ಇಲ್ಲಿಗೇ ನಿಲ್ಲಿಸಿ, 64 ಬಿಟ್ ಓಎಸ್ ಹಾಕಿಕೊಂಡು ಬನ್ನಿ. 32 ಬಿಟ್‌ನಲ್ಲಿ ಗುದ್ದಾಡೋದು ದಂಡ.

ಆಮೇಲೆ ಸ್ವಾಪ್, ಅಂದರೆ ರ‍್ಯಾಮ್ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ. ಬುಕ್‌ವರ್ಮ್‌ನಲ್ಲಿ ಸ್ವಾಪ್ ತೀರಾ ಕಡಿಮೆ ಇರುತ್ತೆ. ಡಿಫಿಸ್ ಸ್ವಾಪ್‌ಫೈಲ್ ಅನ್ನೋ ಸೇವೆ ಅದನ್ನು ನೋಡಿಕೊಳ್ಳೋದು. ಮೊದಲು ಅದಕ್ಕೆ ಸ್ವಾಪ್‌ಆಫ್ ಕೊಡಿ. ಇಟಿಸಿ ಫೋಲ್ಡರ್‌ನಲ್ಲಿ ಅದೇ ಹೆಸರಿನ ಫೈಲ್ ತೆರೆದು ಕಾನ್ಫ್ ಸ್ವಾಪ್‌ಸೈಜ್ 2048 ಮಾಡಿ. ಆಮೇಲೆ ಸೆಟಪ್, ಸ್ವಾಪ್‌ಆನ್. 2048ಕ್ಕಿಂತ ಜಾಸ್ತಿ ಬೇಕಂದರೆ ಕಾನ್ಫ್ ಮ್ಯಾಕ್ಸ್‌ಸ್ವಾಪ್ ಅನ್ನೂ ಏರಿಸಬೇಕು, ಇಲ್ಲದಿದ್ದರೆ ನೀವು ಎಷ್ಟೇ ಬರೆದರೂ ಅಲ್ಲಿಗೇ ಕತ್ತರಿಸುತ್ತೆ. ನಿಮಗೆ ಅಷ್ಟೇನೂ ಬೇಡ. ಸ್ವಾಪ್ ಫೈಲನ್ನು ಎಸ್‌ಡಿ ಕಾರ್ಡ್ ಮೇಲೆ ಇಡಬೇಡಿ, ಕಾರ್ಡ್ ಸವೆಯುತ್ತೆ, ಮೇಲಾಗಿ ಆಮೆ ವೇಗ. ಯುಎಸ್‌ಬಿ ಎಸ್‌ಎಸ್‌ಡಿ ಇದ್ದರೆ ಕಾನ್ಫ್ ಸ್ವಾಪ್‌ಫೈಲ್ ಸಾಲಿನಲ್ಲಿ ಅದರ ದಾರಿ ಕೊಡಿ. ರಾಸ್ಪಿ ಕಾನ್ಫಿಗ್‌ಗೆ ಹೋಗಿ ಡೆಸ್ಕ್‌ಟಾಪ್ ಬದಲು ಕನ್ಸೋಲ್‌ಗೆ ಬೂಟ್ ಆಗೋ ಹಾಗೆ ಮಾಡಿ. ಬಿಲ್ಡ್ ಮುಗಿದ ಮೇಲೆ ಬೇಕಾದರೆ ವಾಪಸ್ ತಂದುಕೊಳ್ಳಿ.

ಬಿಲ್ಡ್ ಫೋಲ್ಡರ್ ಇರುವ ಡಿಸ್ಕ್ ಇಎಕ್ಸ್‌ಟಿ4 ಆಗಿರಲಿ. ಫೋಟೊ ಡಿಸ್ಕ್ ಎಕ್ಸ್‌ಫ್ಯಾಟ್ ಇರಬಹುದು ಅಂತ ನನ್ನ ಊಹೆ, ವಿಂಡೋಸ್‌ಗೂ ಸಿಕ್ಕಿಸೋರು ಎಲ್ಲರೂ ಹಾಗೇ ಇಟ್ಟಿರುತ್ತಾರೆ. ಎಕ್ಸ್‌ಫ್ಯಾಟ್‌ನಲ್ಲಿ ಸಿಮ್‌ಲಿಂಕ್ ಇಲ್ಲ. ಶೇರ್ಡ್ ಲೈಬ್ರರಿಗೆ ಒಂದರ ಮೇಲೊಂದು ಹೆಸರು ಕೊಡುವಾಗ ಸಿಮ್‌ಲಿಂಕ್ ಬೇಕೇ ಬೇಕು. ಇಡೀ ಕಂಪೈಲ್ ಮುಗಿದು ಲಿಂಕ್ ಹಂತದಲ್ಲಿ 'ಆಪರೇಷನ್ ನಾಟ್ ಪರ್ಮಿಟೆಡ್' ಅಂತ ಬಿದ್ದರೆ ಹೊಟ್ಟೆ ಉರಿಯುತ್ತೆ.

ಈಗ ಹಂತಗಳು. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೀನಿ. ದೊಡ್ಡ ಆಯ್ಕೆಗಳ ಹೆಸರೆಲ್ಲ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್.

ಆಪ್ಟ್‌ನಿಂದ ಗಿಟ್, ಸಿಮೇಕ್, ನಿಂಜಾ ಬಿಲ್ಡ್, ಕ್ಲ್ಯಾಂಗ್, ಪಿಕೆಜಿ ಕಾನ್ಫಿಗ್ ಹಾಕಿ. ಲೈಬ್ರರಿಗಳಲ್ಲಿ ಲಿಬ್‌ಬ್ರಾಟ್ಲಿ ಡೆವ್, ಲಿಬ್‌ಪಿಎನ್‌ಜಿ ಡೆವ್, ಲಿಬ್‌ಜೆಪೆಗ್ ಡೆವ್ ಸಾಕು. ಪಿಎನ್‌ಜಿ ಡೆವ್ ಮರೆತರೂ ಬಿಲ್ಡ್ ಚೆನ್ನಾಗೇ ಆಗುತ್ತೆ, ಆದರೆ ಹುಟ್ಟುವ ಸಿಜೆಎಕ್ಸ್‌ಎಲ್‌ಗೆ (ಚಿತ್ರವನ್ನು ಜೆಪೆಗ್ ಎಕ್ಸ್‌ಎಲ್‌ಗೆ ತಿರುಗಿಸುವ ಪ್ರೋಗ್ರಾಂ) ಪಿಎನ್‌ಜಿ ಓದಲು ಬರಲ್ಲ. ಅದಕ್ಕೇ ಸಿಮೇಕ್ ಚೆಲ್ಲುವ ಸಾಲುಗಳಲ್ಲಿ 'ಫೌಂಡ್ ಪಿಎನ್‌ಜಿ' ಇದೆಯಾ ಅಂತ ಕಣ್ಣಾಡಿಸಿ.

ಸೋರ್ಸ್‌ಗೆ ಜಿಪ್ ಬೇಡ. ಗಿಟ್‌ಹಬ್ ಜಿಪ್‌ನಲ್ಲಿ ಸಬ್‌ಮಾಡ್ಯೂಲ್‌ಗಳು (ಬೇರೆ ರೆಪೊಗಳಿಂದ ಜೋಡಿಸಿದ ಭಾಗಗಳು) ಬರಲ್ಲ, ಥರ್ಡ್ ಪಾರ್ಟಿ ಫೋಲ್ಡರ್ ಒಳಗೆಲ್ಲ ಖಾಲಿ ಖಾಲಿ. ನಿಮಗೆ ಹೈವೇ ಸಿಗದಿದ್ದದ್ದು ಅದಕ್ಕೇ. ಗಿಟ್ ಕ್ಲೋನ್‌ಗೆ ಬ್ರಾಂಚ್ ವಿ0.11.1, ಡೆಪ್ತ್ 1, ರಿಕರ್ಸ್ ಸಬ್‌ಮಾಡ್ಯೂಲ್ಸ್, ಶ್ಯಾಲೋ ಸಬ್‌ಮಾಡ್ಯೂಲ್ಸ್, ಈ ನಾಲ್ಕೂ ಕೊಡಿ. ಟ್ಯಾಗ್ ಹೇಳದೆ ಮೇನ್ ಬ್ರಾಂಚ್ ಎಳೆದರೆ ಅವತ್ತು ಯಾರೋ ಅರ್ಧ ಮಾಡಿಟ್ಟ ಕೆಲಸವೂ ನಿಮ್ಮ ತಲೆಗೆ ಬರುತ್ತೆ. ನೆಟ್ ಮಧ್ಯೆ ಕಡಿದು 'ಅರ್ಲಿ ಇಒಎಫ್' ಅಂದರೆ ಫೋಲ್ಡರ್ ಅಳಿಸಿ ಮೊದಲಿಂದ ಶುರು ಮಾಡೋದು ಬೇಡ. ಮುಖ್ಯ ರೆಪೊ ಬಂದಿದ್ದರೆ ಸಾಕು, ಅದರೊಳಗೆ ನಿಂತು ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್, ಇನಿಟ್, ರಿಕರ್ಸಿವ್, ಡೆಪ್ತ್ 1 ಮತ್ತೆ ಕೊಡಿ, ಬಾಕಿ ಉಳಿದವನ್ನು ಮಾತ್ರ ತರುತ್ತೆ. ಟೆಸ್ಟ್‌ಡೇಟಾ ಅನ್ನೋ ಸಬ್‌ಮಾಡ್ಯೂಲ್ ಟೆಸ್ಟ್ ಓಡಿಸೋರಿಗೆ ಮಾತ್ರ. ನೆಟ್ ಎಳೆದಾಡುತ್ತಿದ್ದರೆ ಅದನ್ನು ಬಿಟ್ಟುಬಿಡಿ.

ಸಿಮೇಕ್ ಹಂತದಲ್ಲಿ ಜನರೇಟರ್ ನಿಂಜಾ, ಬಿಲ್ಡ್ ಟೈಪ್ ರಿಲೀಸ್. ಬಿಲ್ಡ್ ಟೆಸ್ಟಿಂಗ್ ಆಫ್, ಜೆಪೆಗ್‌ಎಕ್ಸ್‌ಎಲ್ ಎನೇಬಲ್ ಬೆಂಚ್‌ಮಾರ್ಕ್ ಆಫ್. ಹಾಗೇ ಮ್ಯಾನ್‌ಪೇಜಸ್, ಡಾಕ್ಸಿಜೆನ್, ಓಪನ್‌ಇಎಕ್ಸ್‌ಆರ್, ಜೆಎನ್‌ಐ ಎಲ್ಲಾ ಆಫ್. ಟೆಸ್ಟ್ ಒಂದನ್ನು ಆಫ್ ಮಾಡಿದರೇ ಕಂಪೈಲ್ ಆಗಬೇಕಾದ ಫೈಲ್‌ಗಳು ಬಹಳ ಕಡಿಮೆಯಾಗುತ್ತವೆ. ಬ್ರಾಟ್ಲಿಗೆ ಫೋರ್ಸ್ ಸಿಸ್ಟಂ ಬ್ರಾಟ್ಲಿ ಆನ್ ಮಾಡಬಹುದು. ಹೈವೇಗೆ ಮಾತ್ರ ಫೋರ್ಸ್ ಸಿಸ್ಟಂ ಬೇಡ, ಬುಕ್‌ವರ್ಮ್‌ನ ಹೈವೇ ಹಳೆಯದು, ಸೋರ್ಸ್ ಜೊತೆ ಬಂದದ್ದೇ ಇರಲಿ.

ಆಮೇಲೆ ನಿಂಜಾ ಮೈನಸ್ ಸಿ ಬಿಲ್ಡ್ ಮೈನಸ್ ಜೆ 2. ಜೆ ಬಿಟ್ಟರೆ ನಿಂಜಾ ತಾನೇ ಕೋರ್‌ಗಳಿಗಿಂತ ಎರಡು ಹೆಚ್ಚು, ಅಂದರೆ ಪೈನಲ್ಲಿ ಆರು ಕೆಲಸ ಹೊಡೆಯುತ್ತೆ, ಮೇಕ್‌ಗಿಂತ ಮುಂಚೆ ಸಾಯುತ್ತೆ. ಜೆ 2ರಲ್ಲೂ ಬಿದ್ದರೆ ಜೆ 1 ಕೊಟ್ಟು ಮುಂದುವರಿಸಿ. ಕಂಪೈಲ್ ಆದದ್ದು ಹಾಗೇ ಇರುತ್ತೆ, ಬಿದ್ದ ಕಡೆಯಿಂದ ಎತ್ತಿಕೊಳ್ಳುತ್ತೆ.

ಕೊನೆಗೆ ಸುಡೋ ಹಾಕಿ ಸಿಮೇಕ್ ಮೈನಸ್ ಮೈನಸ್ ಇನ್‌ಸ್ಟಾಲ್ ಬಿಲ್ಡ್, ಬೆನ್ನಿಗೇ ಸುಡೋ ಎಲ್‌ಡಿಕಾನ್ಫಿಗ್. ಎರಡನೆಯದನ್ನು ಬಿಟ್ಟರೆ 'ಲಿಬ್‌ಜೆಎಕ್ಸ್‌ಎಲ್ ಥ್ರೆಡ್ಸ್ ಎಸ್‌ಒ 0.11 ತೆರೆಯಲಾಗಲಿಲ್ಲ' ಅನ್ನುತ್ತೆ. ಫೈಲ್ ಯುಎಸ್‌ಆರ್ ಲೋಕಲ್ ಲಿಬ್‌ನಲ್ಲೇ ಇರುತ್ತೆ, ಲೋಡರ್‌ಗೆ ಸುದ್ದಿ ಮುಟ್ಟಿರಲ್ಲ ಅಷ್ಟೆ. ಬಿಲ್ಡ್ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್ ಮ್ಯಾನಿಫೆಸ್ಟ್ ಅಂತ ಒಂದು ಟೆಕ್ಸ್ಟ್ ಫೈಲ್ ಹುಟ್ಟಿರುತ್ತೆ, ಎಲ್ಲಿ ಏನು ಹಾಕಿತು ಅನ್ನೋ ಪಟ್ಟಿ. ಮುಂದೆ ತೆಗೆದುಹಾಕುವಾಗ ಅದೊಂದೇ ಆಧಾರ, ಎತ್ತಿಡಿ.

ಹಳೆಯ 0.7ರ ಲೈಬ್ರರಿ ತೆಗೆಯಬೇಡಿ. ಬೇರೆ ಪ್ರೋಗ್ರಾಂಗಳು ಅದನ್ನು ನೆಚ್ಚಿಕೊಂಡಿರಬಹುದು. ಲೈಬ್ರರಿ ಹೆಸರಿನಲ್ಲೇ 0.7, 0.11 ಅಂತ ಇರೋದರಿಂದ ಎರಡೂ ಜಗಳವಿಲ್ಲದೆ ಇರುತ್ತವೆ. ಡೆವ್ ಪ್ಯಾಕೇಜ್ ಇದ್ದರೆ ಅದನ್ನು ಮಾತ್ರ ತೆಗೆಯಿರಿ, ಇಲ್ಲದಿದ್ದರೆ ಮುಂದೆ ನೀವು ಬೇರೆ ಏನಾದರೂ ಕಂಪೈಲ್ ಮಾಡುವಾಗ ಹಳೆಯ ಹೆಡರ್, ಹೊಸ ಲೈಬ್ರರಿ ಅಂತ ಎಡವಟ್ಟಾಗುತ್ತೆ.

ಗಿರಿತಪ್ಪಲು (ಚಿಕ್ಕಮಗಳೂರು):

ಯಗಚಿಯವರು ಹೇಳಿದ್ದು ಸರಿಯಾಗಿದೆ. ಬಿಟ್ಟುಹೋದ ಕೆಲವನ್ನು ಸೇರಿಸುತ್ತೇನೆ.

ಜಗತಿ ಅವರೇ, ನೀವು ಈಗಾಗಲೇ ಜಿಸಿಸಿಯಲ್ಲಿ ಕಾನ್ಫಿಗರ್ ಮಾಡಿದ್ದೀರಿ. ಸಿಸಿ1ಪ್ಲಸ್ ಅನ್ನುವುದು ಜಿಸಿಸಿಯ ಒಳಗಿನ ಪ್ರೋಗ್ರಾಂ. ಲಿಬ್‌ಜೆಎಕ್ಸ್‌ಎಲ್ ಬರೆದವರೇ ಕ್ಲ್ಯಾಂಗ್ ಬಳಸಿ ಎನ್ನುತ್ತಾರೆ. ಹಾಗಂತ ಅದೇ ಫೋಲ್ಡರ್‌ನಲ್ಲಿ ಸಿಸಿ, ಸಿಎಕ್ಸ್‌ಎಕ್ಸ್ ವೇರಿಯಬಲ್‌ಗಳಿಗೆ ಕ್ಲ್ಯಾಂಗ್ ಎಂದು ಎಕ್ಸ್‌ಪೋರ್ಟ್ ಮಾಡಿ ಸಿಮೇಕ್ ಓಡಿಸಿದರೆ ಏನೂ ಬದಲಾಗುವುದಿಲ್ಲ. ಕಂಪೈಲರ್ ಯಾವುದು ಎಂಬುದನ್ನು ಸಿಮೇಕ್ ಮೊದಲ ಸಲವೇ ಕ್ಯಾಶ್‌ನಲ್ಲಿ ಬರೆದಿಟ್ಟುಕೊಂಡು ಕೂತಿರುತ್ತದೆ. ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ, ವೇರಿಯಬಲ್ ಕೊಟ್ಟು, ಆಮೇಲೆ ಕಾನ್ಫಿಗರ್ ಮಾಡಿ. ಬುಕ್‌ವರ್ಮ್‌ನಲ್ಲಿ ಸಿಗುವ ಕ್ಲ್ಯಾಂಗ್ 14 ಧಾರಾಳ ಸಾಕು.

ಮಾರ್ಚ್ ನೇಟಿವ್ ವಿಚಾರ: ಬೇಡ. ಪೈನಲ್ಲಿರುವಂಥ 64 ಬಿಟ್ ಆರ್ಮ್ ಪ್ರೊಸೆಸರ್‌ನಲ್ಲಿ ನಿಯಾನ್ ಎಂಬ ಸಿಮ್ಡ್ ಕಡ್ಡಾಯ ಭಾಗ, ಫ್ಲ್ಯಾಗ್ ಇಲ್ಲದೆಯೂ ಅದು ಸಿಗುತ್ತದೆ. ಪೈ 4ರ ಕಾರ್ಟೆಕ್ಸ್ ಎ72ರಲ್ಲಿ ನಿಯಾನ್ ಬಿಟ್ಟು ಬೇರೆ ಸಿಮ್ಡ್ ಇಲ್ಲವೇ ಇಲ್ಲ. ಲಾಭ ಸೊನ್ನೆ. ನಷ್ಟ ಮಾತ್ರ ಉಂಟು: ನಾಳೆ ಪೈ 5ರಲ್ಲಿ ನೇಟಿವ್ ಎಂದು ಕಟ್ಟಿ ಆ ಬೈನರಿಯನ್ನು ಪೈ 4ಕ್ಕೆ ತಂದರೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಬೀಳುತ್ತದೆ, ಏಕೆಂದರೆ ಅಲ್ಲಿನ ಎ76ಕ್ಕೆ ಗೊತ್ತಿರುವ ಕೆಲವು ಸೂಚನೆಗಳು ಎ72ಕ್ಕೆ ಗೊತ್ತಿಲ್ಲ.

ಕಂಪೈಲ್ ಹೊರೆ ಇಳಿಸಲು ಇದಕ್ಕಿಂತ ಒಳ್ಳೆಯ ಉಪಾಯವಿದೆ. ಸಿಎಕ್ಸ್‌ಎಕ್ಸ್ ಫ್ಲ್ಯಾಗ್ಸ್‌ನಲ್ಲಿ ಹೆಚ್‌ಡಬ್ಲ್ಯುವೈ ಕಂಪೈಲ್ ಓನ್ಲಿ ಸ್ಟ್ಯಾಟಿಕ್ ಎಂಬ ಮ್ಯಾಕ್ರೊ ಡಿಫೈನ್ ಮಾಡಿ. ಆಗ ಹೈವೇ ಮೂಲ ಮಟ್ಟದ ಒಂದೇ ಪ್ರತಿ ಮಾಡುತ್ತದೆ. ಇಲ್ಲದಿದ್ದರೆ ಆರ್ಮ್‌ನಲ್ಲೂ ಎಇಎಸ್ (ಗೂಢಲಿಪಿಯ ಸೂಚನೆಗಳು) ಇರುವ ನಿಯಾನ್, ಇಲ್ಲದ ನಿಯಾನ್ ಎಂದು ಬೇರೆ ಬೇರೆ ಪ್ರತಿಗಳು ಹುಟ್ಟುತ್ತವೆ. ಪೈ 4ರಲ್ಲಿ ಎಇಎಸ್ ಸೂಚನೆಗಳಿಲ್ಲ, ಆದ್ದರಿಂದ ಮೂಲ ಪ್ರತಿಯನ್ನೇ ಅದು ಬಳಸುವುದು. ನಿಮ್ಮ ಯಂತ್ರಕ್ಕೆ ಏನೂ ಕಳೆದುಹೋಗುವುದಿಲ್ಲ. ಬೇಗ ಮುಗಿಯುತ್ತದೆ, ಮೆಮೊರಿ ಕಡಿಮೆ ಸಾಕು. ಬೇರೆಯವರ ಪೈಗೂ ಹಂಚುವ ಬೈನರಿಯಾದರೆ ಮಾತ್ರ ಇದನ್ನು ಬಿಡಿ.

ಶಾಖ ಮತ್ತು ಕರೆಂಟು. ಎಲ್ಲ ಕೋರ್ ದುಡಿಯುವಾಗ ಹೀಟ್‌ಸಿಂಕ್ ಇಲ್ಲದ ಪೈ 80 ಡಿಗ್ರಿ ದಾಟುತ್ತದೆ, ಆಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ವಿಸಿಜೆನ್‌ಕಮಾಂಡ್‌ಗೆ ಗೆಟ್ ಥ್ರಾಟಲ್ಡ್ ಕೊಟ್ಟು ನೋಡಿ. 0ಎಕ್ಸ್0 ಬಂದರೆ ಆರೋಗ್ಯ. 0ಎಕ್ಸ್50000 ಬಂದರೆ ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದಿದೆ, ವೇಗವೂ ಇಳಿದಿದೆ ಎಂದು ಅರ್ಥ. ಮೊಬೈಲ್ ಚಾರ್ಜರ್ ಹಾಕಿ, ಯುಎಸ್‌ಬಿ ಡಿಸ್ಕನ್ನೂ ಪೈನಿಂದಲೇ ಓಡಿಸುವವರಿಗೆ ಬಹುಪಾಲು ಇದೇ ಬರುವುದು. 5.1 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಬೇಕು, ಡಿಸ್ಕ್‌ಗೆ ಆದಷ್ಟೂ ಬೇರೆ ಪವರ್ ಇರುವ ಹಬ್. ವೋಲ್ಟೇಜ್ ಕುಸಿದಾಗ ಡಿಸ್ಕ್ ಕಳಚಿಕೊಳ್ಳುವುದು ಬಿಲ್ಡ್ ಬೀಳುವುದಕ್ಕಿಂತ ದೊಡ್ಡ ತಲೆನೋವು.

ಮಳೆಗಾಲದಲ್ಲಿ ನಮ್ಮ ಕಡೆ, ಸಕಲೇಶಪುರದ ಕಡೆ ಕರೆಂಟಿನ ಪಾಡು ಹೇಳುವುದೇ ಬೇಡ. ಬಿಲ್ಡ್ ನಡುವೆ ಹೋದರೆ ಆಗ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲ್ ಅರ್ಧವೋ ಖಾಲಿಯೋ ಆಗಿ ಉಳಿಯಬಹುದು. ಅದರ ಸಮಯದ ಮುದ್ರೆ ಸೋರ್ಸ್‌ಗಿಂತ ಹೊಸದು. ಮೇಕ್‌ಗೆ ಅದು ಮುಗಿದ ಕೆಲಸದಂತೆ ಕಾಣುತ್ತದೆ, ಮತ್ತೆ ಮುಟ್ಟುವುದಿಲ್ಲ. ಕೊನೆಗೆ ಲಿಂಕರ್ 'ಫೈಲ್ ನಾಟ್ ರೆಕಗ್ನೈಜ್ಡ್: ಫೈಲ್ ಟ್ರಂಕೇಟೆಡ್' ಎನ್ನುತ್ತದೆ. ಆ ಸಾಲಿನಲ್ಲೇ ಫೈಲಿನ ಹೆಸರಿರುತ್ತದೆ. ಅದೊಂದನ್ನು ಅಳಿಸಿ ಮತ್ತೆ ಓಡಿಸಿ. ಫೈಂಡ್‌ನಲ್ಲಿ ಸೊನ್ನೆ ಗಾತ್ರದ ಡಾಟ್ ಓ ಫೈಲ್‌ಗಳನ್ನೆಲ್ಲ ಹುಡುಕಿ ಅಳಿಸಿದರೆ ಇನ್ನೂ ನೆಮ್ಮದಿ. ಇದಕ್ಕಾಗಿ ಇಡೀ ಬಿಲ್ಡ್ ಕೆಡವುವ ಅಗತ್ಯವಿಲ್ಲ.

ಹಿನ್ನೀರು (ಸಕಲೇಶಪುರ):

ಒಂದು ಪ್ರಶ್ನೆ. ಇಷ್ಟೆಲ್ಲ ಯಾಕೆ? ಲಿಬ್‌ಜೆಎಕ್ಸ್‌ಎಲ್ ರಿಲೀಸ್ ಪುಟದಲ್ಲೇ ಇಂಟೆಲ್, ಎಎಮ್‌ಡಿ ಲಿನಕ್ಸ್‌ಗೆ ಸ್ಟ್ಯಾಟಿಕ್ ಬೈನರಿ ಕಟ್ಟಿಟ್ಟಿರುತ್ತಾರೆ. ವಿಂಡೋಸ್‌ಗೂ ಇದೆ. ಡಿಸ್ಕ್ ಬಿಚ್ಚಿ ಒಂದು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಫೈಲ್ ಬಿಡಿಸಿಕೊಂಡು ಸಿಜೆಎಕ್ಸ್‌ಎಲ್ ಓಡಿಸಿದರೆ ಮುಗೀತು. 9,000 ಫೋಟೊಗೆ ಲ್ಯಾಪ್‌ಟಾಪ್ ಪ್ರೊಸೆಸರ್ ಮುಂದೆ ಪೈ ಯಾವ ಲೆಕ್ಕ? ಸೋರ್ಸ್‌ನಿಂದ ಕಟ್ಟಲೇಬೇಕಾದ್ದು ಆರ್ಮ್ ಯಂತ್ರದಲ್ಲೇ ಓಡಬೇಕು ಅನ್ನೋರು, ಇಲ್ಲಾ ಲೈಬ್ರರಿಯನ್ನು ತಮ್ಮ ಪ್ರೋಗ್ರಾಂಗೆ ಜೋಡಿಸೋರು.

ಇನ್ನು ವೆಬ್‌ಸೈಟಿಗೆ ಜೆಪೆಗ್ ಎಕ್ಸ್‌ಎಲ್ ಕೊಡಬೇಡಿ. ಸಫಾರಿ 17ರಿಂದ ತೆರೆಯುತ್ತೆ. ಕ್ರೋಮ್ ಪ್ರಯೋಗಕ್ಕಿಟ್ಟಿದ್ದ ಬೆಂಬಲವನ್ನೂ 110ರಲ್ಲಿ ತೆಗೆದುಹಾಕಿತ್ತು, ನೋಡೋ ಜನರೆಲ್ಲ ಹಳೆ ಆಂಡ್ರಾಯ್ಡ್ ಮೊಬೈಲ್‌ನವರು. ವೆಬ್‌ಗೆ ಮೋಜ್‌ಜೆಪೆಗ್ ಸಾಕು. ಮೊಜಿಲ್ಲಾದವರು 2014ರಲ್ಲಿ ಬಿಟ್ಟದ್ದು, ಲಿಬ್‌ಜೆಪೆಗ್ ಟರ್ಬೊ ಮೇಲೆ ಕಟ್ಟಿದ್ದು, ಹೊರಗೆ ಬರೋದು ಎಲ್ಲ ಬ್ರೌಸರ್ ತೆರೆಯುವ ಮಾಮೂಲಿ ಜೆಪೆಗ್. ವಿಪ್ಸ್‌ಥಂಬ್‌ನೇಲ್‌ನಲ್ಲಿ ಉದ್ದನೆಯ ಬದಿ 1600 ಪಿಕ್ಸೆಲ್‌ಗೆ ಇಳಿಸಿ, ಮೋಜ್‌ಜೆಪೆಗ್‌ನ ಸಿಜೆಪೆಗ್‌ಗೆ ಕ್ವಾಲಿಟಿ 80 ಕೊಡಿ. ಹಳೇಬೀಡಿನ ಬಳಪದ ಕಲ್ಲಿನ ಸಣ್ಣ ಕುಸುರಿಗೆ 75 ಸ್ವಲ್ಪ ಕಡಿಮೆ ಆಗುತ್ತೆ. ಒಡವೆಯ ಮಣಿಗಳ ಅಂಚಿನಲ್ಲಿ ಧೂಳು ಹಿಡಿದ ಹಾಗೆ ಕಾಣುತ್ತೆ.

ಮೋಜ್‌ಜೆಪೆಗ್ ಬಿಲ್ಡ್ ಸುಲಭ, ಲಿಬ್‌ಜೆಎಕ್ಸ್‌ಎಲ್‌ನ ಗೋಳು ಇಲ್ಲ. ಬಹುಪಾಲು ಸಿ ಭಾಷೆ, 2 ಜಿಬಿಯಲ್ಲಿ ಜೆ 4 ಆರಾಮಾಗಿ ನಡೆಯುತ್ತೆ. ಇಂಟೆಲ್‌ನಲ್ಲಿ ಕಟ್ಟೋದಾದರೆ ನ್ಯಾಸಂ ಅಸೆಂಬ್ಲರ್ ಹಾಕಿರಿ. ಅದಿಲ್ಲದಿದ್ದರೆ ಬರೀ ಒಂದು ಎಚ್ಚರಿಕೆ ಕೊಟ್ಟು ಸಿಮ್ಡ್ ಇಲ್ಲದೆ ಕಟ್ಟಿಬಿಡುತ್ತೆ, ಯಾಕಪ್ಪಾ ಇಷ್ಟು ನಿಧಾನ ಅಂತ ನೀವು ತಲೆ ಕೆರೆದುಕೊಳ್ಳಬೇಕು. ರಿಕ್ವೈರ್ ಸಿಮ್ಡ್ ಆನ್ ಮಾಡಿದರೆ ಅಂಥ ಕಡೆ ಎರರ್ ಕೊಟ್ಟು ನಿಲ್ಲುತ್ತೆ. ಆರ್ಮ್‌ಗೆ ನ್ಯಾಸಂ ಬೇಡ. ಮೋಜ್‌ಜೆಪೆಗ್ ತಾನಾಗೇ ಓಪಿಟಿ ಫೋಲ್ಡರ್ ಒಳಗೆ, ಓಪಿಟಿ ಮೋಜ್‌ಜೆಪೆಗ್ ಅಂತ ಕೂರುತ್ತೆ, ಅಲ್ಲೇ ಇರಲಿ. ಸಿಸ್ಟಂನ ಲಿಬ್‌ಜೆಪೆಗ್ ಜಾಗಕ್ಕೆ ಮಾತ್ರ ತರಬೇಡಿ. ಲೈಬ್ರರಿ ಹೆಸರು ಒಂದೇ ಇರೋದರಿಂದ ಕೂರುವುದೇನೋ ಕೂರುತ್ತೆ, ಆದರೆ ಎನ್‌ಕೋಡ್ ಮಾಡುವಾಗ ಟರ್ಬೊಗಿಂತ ಬಹಳ ನಿಧಾನ. ಜೆಪೆಗ್ ಬರೆಯೋ ಎಲ್ಲ ಪ್ರೋಗ್ರಾಂಗೂ ಆ ನಿಧಾನ ಅಂಟುತ್ತೆ.

ಯಗಚಿ (ಬೇಲೂರು):

ಹಿನ್ನೀರು ಅವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಒಂದೇ ಸಲದ ಕೆಲಸ ಆದರೆ ಲ್ಯಾಪ್‌ಟಾಪೇ ಸರಿ. ಆದರೆ ಡಿಸ್ಕ್ ಯಾವಾಗಲೂ ಪೈನಲ್ಲೇ ಇರುತ್ತೆ, ಫೋಟೊ ಬಂದ ಹಾಗೆಲ್ಲ ರಾತ್ರಿ ತಾನೇ ಕುಗ್ಗಿಸಿಕೊಳ್ಳಲಿ ಅನ್ನೋದಾದರೆ ಪೈನಲ್ಲೇ ಕಟ್ಟೋದು ಒಳ್ಳೇದು. ಹಳೇ 0.7 ಸಾಲದು ಅನ್ನೋದಕ್ಕೆ ಇನ್ನೊಂದು ಕಾರಣ ಟಿಫ್ ಸ್ಕ್ಯಾನ್‌ಗಳು, ಅದನ್ನು ಕೆಳಗೆ ಹೇಳ್ತೀನಿ.

ಮೊದಲು ಜೆಪೆಗ್. ಸಿಜೆಎಕ್ಸ್‌ಎಲ್‌ಗೆ ಜೆಪೆಗ್ ಕೊಟ್ಟರೆ ಅದು ಪಿಕ್ಸೆಲ್‌ವರೆಗೆ ಬಿಡಿಸೋದೇ ಇಲ್ಲ. ಜೆಪೆಗ್ ಒಳಗೆ 8×8 ಚೌಕಗಳ ಡಿಸಿಟಿ ಸಂಖ್ಯೆಗಳು ಇರ್ತಾವಲ್ಲ, ಅವನ್ನೇ ಹಾಗೇ ಎತ್ತಿಕೊಂಡು, ಹಳೆಯ ಹಫ್‌ಮನ್ ಕೋಡಿಂಗ್ ಜಾಗದಲ್ಲಿ ಹೊಸ ಎಂಟ್ರೊಪಿ ಕೋಡಿಂಗ್‌ನಲ್ಲಿ ಬರೆಯುತ್ತೆ. ಮೂಲ ಫೈಲನ್ನು ಮತ್ತೆ ಕಟ್ಟೋಕೆ ಬೇಕಾದ ವಿವರವನ್ನೂ ಪಕ್ಕದಲ್ಲಿ ಇಡುತ್ತೆ. ಸುಮಾರು 20% ಉಳಿತಾಯ, ಅಂದರೆ ನಿಮ್ಮ 70 ಜಿಬಿ 56ರ ಆಸುಪಾಸಿಗೆ ಬರುತ್ತೆ. ಅದಕ್ಕಿಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಡಿಸ್ಟನ್ಸ್ ಅಥವಾ ಕ್ವಾಲಿಟಿ ಆಯ್ಕೆ ಕೊಡಲೇಬೇಡಿ, ಕೊಟ್ಟರೆ ಆವೃತ್ತಿಗೆ ತಕ್ಕ ಹಾಗೆ ಒಂದೋ ಎರರ್, ಇಲ್ಲಾ ನಷ್ಟದ ಎನ್‌ಕೋಡ್. ಲಾಸ್‌ಲೆಸ್ ಜೆಪೆಗ್ 1 ಅಂತ ಬಾಯಿಬಿಟ್ಟು ಹೇಳಿ. ಎಫರ್ಟ್ ಮಾಮೂಲಿ 7 ಇರಲಿ. 9ಕ್ಕೆ ಏರಿಸಿದರೆ ಹೊತ್ತು ತಿನ್ನುತ್ತೆ, ಉಳಿಯೋದು ಚಿಲ್ಲರೆ.

ಸ್ಕ್ರಿಪ್ಟ್ ಬರೆಯುವಾಗ ಫೈಂಡ್‌ಗೆ ಪ್ರಿಂಟ್0, ಎಕ್ಸ್‌ಆರ್ಗ್ಸ್‌ಗೆ ಮೈನಸ್ 0 ಕೊಡಿ. 'ಹಳೇಬೀಡು ಜಗತಿ 12' ಥರ ನಡುವೆ ಖಾಲಿ ಜಾಗ ಇರುವ ಹೆಸರುಗಳು ಇಲ್ಲದಿದ್ದರೆ ಮೂರು ತುಂಡಾಗುತ್ತವೆ. ಕನ್ನಡ ಹೆಸರಿಗೆ ಏನೂ ತೊಂದರೆಯಿಲ್ಲ. ಹೆಸರು ಹುಡುಕುವಾಗ ಐನೇಮ್ ಬಳಸಿ, ಕ್ಯಾಮೆರಾ ದೊಡ್ಡಕ್ಷರದಲ್ಲಿ ಜೆಪಿಜಿ ಅಂತ ಬರೆದಿರುತ್ತೆ. ಎಕ್ಸ್‌ಆರ್ಗ್ಸ್ ಮೈನಸ್ ಪಿ 2, ಸಿಜೆಎಕ್ಸ್‌ಎಲ್‌ಗೆ ನಂ ಥ್ರೆಡ್ಸ್ 0. ನಾಲ್ಕು ಒಟ್ಟಿಗೆ ಬಿಟ್ಟರೆ 24 ಮೆಗಾಪಿಕ್ಸೆಲ್ ಚಿತ್ರಗಳಿಗೆ ಮತ್ತೆ ಅದೇ ಮೆಮೊರಿ ರಾಮಾಯಣ.

ಪ್ರತಿ ಫೈಲಿಗೂ ಕ್ರಮ ಹೀಗಿರಲಿ. ತಾತ್ಕಾಲಿಕ ಹೆಸರಿಗೆ ಎನ್‌ಕೋಡ್, ಅದನ್ನು ಡಿಜೆಎಕ್ಸ್‌ಎಲ್‌ನಿಂದ ವಾಪಸ್ ಜೆಪಿಜಿಗೆ, ಸಿಎಂಪಿಯಲ್ಲಿ ಮೂಲದ ಜೊತೆ ಹೋಲಿಕೆ. ಸಿಎಂಪಿ ಏನೂ ಮಾತಾಡದೆ ಸೊನ್ನೆ ಕೊಟ್ಟರೆ ಮಾತ್ರ ಹೆಸರು ಬದಲಿಸಿ ಖಾಯಂ ಮಾಡಿ. ಕಣ್ಣಲ್ಲಿ ನೋಡಿ 'ಒಂದೇ ಥರ ಇದೆ' ಅನ್ನೋದು ಪರೀಕ್ಷೆ ಅಲ್ಲ. ಜೆಎಕ್ಸ್‌ಎಲ್‌ಇನ್ಫೊ ಕೊಟ್ಟರೂ ಜೆಪೆಗ್ ಮರುಕಟ್ಟುವ ಮಾಹಿತಿ ಇದೆ ಅಂತ ಹೇಳುತ್ತೆ, ಆದರೆ ಅದು ಇದೆ ಅನ್ನೋದಕ್ಕೂ ಬೈಟ್ ಬೈಟ್ ಸರಿಹೋಯಿತು ಅನ್ನೋದಕ್ಕೂ ವ್ಯತ್ಯಾಸ ಇದೆ. ಮೂಲಗಳನ್ನು ಇನ್ನೊಂದು ಡಿಸ್ಕ್‌ನಲ್ಲಿ ಇಡದೆ ಯಾವುದನ್ನೂ ಅಳಿಸಬೇಡಿ.

ಟಿಫ್ ಅನ್ನು ಸಿಜೆಎಕ್ಸ್‌ಎಲ್ ನೇರ ಓದಲ್ಲ. ಎಲ್ಲರೂ ಪಿಎನ್‌ಜಿಗೆ ತಿರುಗಿಸಿ ಕೊಡ್ತಾರೆ. ಎ4 ಹಾಳೆ 600 ಡಿಪಿಐಗೆ 4960×7016, ಸುಮಾರು 35 ಮೆಗಾಪಿಕ್ಸೆಲ್. ಶಾಸನದ ಅಚ್ಚು ಎ4ಗಿಂತ ಎಷ್ಟೋ ದೊಡ್ಡದಿರುತ್ತೆ. 0.7 ಇಡೀ ಚಿತ್ರವನ್ನು ಮೆಮೊರಿಗೆ ಎಳೆದುಕೊಂಡು ಕೆಲಸ ಮಾಡುತ್ತೆ, 2 ಜಿಬಿ ಪೈನಲ್ಲಿ ನಡೆಯೋದು ಕಷ್ಟ. 0.10ರಿಂದ ದೊಡ್ಡ ಚಿತ್ರವನ್ನು ತುಂಡು ತುಂಡಾಗಿ ಎನ್‌ಕೋಡ್ ಮಾಡೋಕೆ ಬರುತ್ತೆ. ಇನ್‌ಪುಟ್ಟನ್ನೂ ತುಂಡಾಗಿ ಓದಬೇಕಂದರೆ ಸ್ಟ್ರೀಮಿಂಗ್ ಇನ್‌ಪುಟ್ ಆಯ್ಕೆ ಕೊಡಬೇಕು, ಅದು ಪಿಪಿಎಂ, ಪಿಜಿಎಂ ಫೈಲ್‌ಗೆ ಮಾತ್ರ ನಡೆಯುತ್ತೆ, ಪಿಎನ್‌ಜಿಗೆ ಇಲ್ಲ. ಅಚ್ಚು ಹೇಗೂ ಕಪ್ಪು ಬಿಳುಪು. ಟಿಫ್‌ನಿಂದ ಪಿಜಿಎಂಗೆ ತನ್ನಿ, ಬಣ್ಣದ ಮೂರು ಚಾನೆಲ್ ಬದಲು ಒಂದೇ ಚಾನೆಲ್ ಆಗುತ್ತೆ. ಸಿಜೆಎಕ್ಸ್‌ಎಲ್‌ಗೆ ಡಿಸ್ಟನ್ಸ್ 0, ಸ್ಟ್ರೀಮಿಂಗ್ ಇನ್‌ಪುಟ್, ಸ್ಟ್ರೀಮಿಂಗ್ ಔಟ್‌ಪುಟ್. ಪಿಜಿಎಂನಲ್ಲಿ ಡಿಪಿಐ, ಬಣ್ಣದ ಪ್ರೊಫೈಲ್, ಟಿಪ್ಪಣಿ ಯಾವುದೂ ಉಳಿಯಲ್ಲ. ಯಾವ ಶಾಸನ, ಯಾವ ಊರು ಅನ್ನೋದು ಟಿಫ್ ಒಳಗೇ ಬರೆದಿದ್ದರೆ ಮೊದಲು ಬೇರೆ ಕಡೆ ಎತ್ತಿಟ್ಟುಕೊಳ್ಳಿ.

ಜಗತಿ (ಹಾಸನ):

ಜೆ 2, ಕ್ಲ್ಯಾಂಗ್, ಆ ಹೈವೇ ಮ್ಯಾಕ್ರೊ, ಮೂರನ್ನೂ ಹಾಕಿದ ಮೇಲೆ ಬಿಲ್ಡ್ ಮುಗಿಯಿತು. ಡಿಸ್ಕ್ ಎಕ್ಸ್‌ಫ್ಯಾಟೇ ಇತ್ತು, ಬಿಲ್ಡ್ ಬೇರೆ ಕಡೆ ಮಾಡಿದೆ. ಎರಡು ಸಮಸ್ಯೆ ಉಳಿದಿವೆ. ಇನ್‌ಸ್ಟಾಲ್ ಆದ ಮೇಲೂ ಸಿಜೆಎಕ್ಸ್‌ಎಲ್ ವರ್ಷನ್ ಕೇಳಿದರೆ 0.7 ಅನ್ನುತ್ತೆ. ಮತ್ತೆ ಕೆಲವೇ ಕೆಲವು ಜೆಪೆಗ್‌ಗಳು ಎರರ್ ಕೊಟ್ಟು ನಿಲ್ಲುತ್ತವೆ. ಎಲ್ಲವೂ ವ್ಯೂವರ್‌ನಲ್ಲಿ ಚೆನ್ನಾಗಿಯೇ ತೆರೆಯುತ್ತವೆ.

ಗಿರಿತಪ್ಪಲು (ಚಿಕ್ಕಮಗಳೂರು):

ಮೊದಲನೆಯದು ಬ್ಯಾಶ್‌ನ ನೆನಪು. ಅದೇ ಟರ್ಮಿನಲ್‌ನಲ್ಲಿ ಹಿಂದೆ ಹಳೆಯ ಸಿಜೆಎಕ್ಸ್‌ಎಲ್ ಓಡಿಸಿದ್ದರೆ ಅದರ ದಾರಿಯನ್ನೇ ಹಿಡಿದುಕೊಂಡಿರುತ್ತದೆ. ಹ್ಯಾಶ್ ಮೈನಸ್ ಆರ್ ಕೊಡಿ, ಇಲ್ಲವೇ ಹೊಸ ಟರ್ಮಿನಲ್ ತೆರೆಯಿರಿ. ಟೈಪ್ ಮೈನಸ್ ಎ ಸಿಜೆಎಕ್ಸ್‌ಎಲ್ ಎಂದರೆ ಎರಡೂ ಪ್ರತಿಗಳ ದಾರಿ ಕಾಣುತ್ತದೆ, ಯುಎಸ್‌ಆರ್ ಲೋಕಲ್ ಬಿನ್‌ನದ್ದು ಮೇಲೆ ಇರಬೇಕು. ಕ್ರಾನ್‌ನಲ್ಲಿ ಓಡಿಸುವ ಸ್ಕ್ರಿಪ್ಟ್‌ನಲ್ಲಿ ಮಾತ್ರ ಪೂರ್ತಿ ದಾರಿ ಬರೆಯಿರಿ. ಕ್ರಾನ್‌ನ ಪಾತ್‌ನಲ್ಲಿ ಯುಎಸ್‌ಆರ್ ಲೋಕಲ್ ಇರುವುದಿಲ್ಲ, ರಾತ್ರಿ ಹೊತ್ತು ಸದ್ದಿಲ್ಲದೆ 0.7 ಓಡಿಬಿಡುತ್ತದೆ.

ಎರಡನೆಯದಕ್ಕೆ ಫೈಲ್ ಎಂಬ ಕಮಾಂಡ್‌ನಿಂದ ಒಂದೊಂದನ್ನೂ ನೋಡಿ. ಕೊನೆಯಲ್ಲಿ 'ಕಾಂಪೊನೆಂಟ್ಸ್ 4' ಎಂದಿದ್ದರೆ ಅದು ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣದ ಮಾದರಿ), ಪುಸ್ತಕಕ್ಕೋ ಫ್ಲೆಕ್ಸ್‌ಗೋ ಪ್ರೆಸ್‌ನವರು ತಯಾರಿಸಿದ ಪ್ರತಿ. ನಷ್ಟವಿಲ್ಲದ ಜೆಪೆಗ್ ಪರಿವರ್ತನೆ ಒಂದು ಅಥವಾ ಮೂರು ಕಾಂಪೊನೆಂಟ್‌ಗೆ ಮಾತ್ರ. ಮೊಬೈಲ್‌ನಲ್ಲಿ ತೆಗೆದವು ಬಿದ್ದಿದ್ದರೆ ಮೋಷನ್ ಫೋಟೊ ಇರಬಹುದು. ಜೆಪೆಗ್ ಮುಗಿದ ಮೇಲೆ ಅದೇ ಫೈಲಿನ ಬಾಲಕ್ಕೆ ಸಣ್ಣ ವಿಡಿಯೊ ಅಂಟಿಸಿರುತ್ತಾರೆ. ಆ ಬಾಲವನ್ನೂ ಜೆಪೆಗ್ ಎಕ್ಸ್‌ಎಲ್ ಕಾಪಾಡುತ್ತದೆ, ಆದರೆ ಸುಮಾರು 4 ಎಂಬಿ ತನಕ ಮಾತ್ರ, ವಿಡಿಯೊ ಅದನ್ನು ಸಲೀಸಾಗಿ ಮೀರುತ್ತದೆ. ಇವೆರಡೂ ಅಲ್ಲದಿದ್ದರೆ ಕೊನೆಯಲ್ಲಿ ತುಂಡಾದ ಫೈಲ್. ಕಾರ್ಡ್‌ನಿಂದ ಕಾಪಿ ಮಾಡುವಾಗ ನಡುವೆ ಕಿತ್ತರೆ ಹಾಗಾಗುತ್ತದೆ. ಚಿತ್ರದ ತಳಭಾಗದಲ್ಲಿ ಬೂದು ಪಟ್ಟಿ ಇದೆಯೇ ನೋಡಿ, ವ್ಯೂವರ್‌ಗಳು ಅದನ್ನು ದೂರದೇ ತೋರಿಸುತ್ತವೆ.

ಈ ಮೂರು ಬಗೆಯನ್ನೂ ಬಲವಂತವಾಗಿ ಪಿಕ್ಸೆಲ್‌ಗೆ ಬಿಡಿಸಿ ಡಿಸ್ಟನ್ಸ್ 0 ಕೊಟ್ಟು ಕುಗ್ಗಿಸಲು ಹೋಗಬೇಡಿ. ಮೂಲ ಜೆಪೆಗ್‌ಗಿಂತ ದೊಡ್ಡ ಫೈಲ್ ಬರುತ್ತದೆ, ಮೂಲ ಬೈಟ್‌ಗಳೂ ವಾಪಸ್ ಸಿಗುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಎರರ್ ಬಂದ ಹೆಸರುಗಳನ್ನು ಒಂದು ಪಟ್ಟಿಗೆ ಬರೆದು, ಆ ಜೆಪೆಗ್‌ಗಳನ್ನು ಇದ್ದ ಹಾಗೇ ಬಿಡಿ.